ನಾಲ್ಕು ಲಾರಿಯ ಕರಾರು

ಮೂರನೆಯ ಸಲವೂ ಹೆಂಡತಿಯ ಫೋನು ಎಂಗೇಜ್. ಚಿಕ್ಕ ಸಾಹುಕಾರ ಹಲ್ಲು ಕಡಿದ. ಲೋಡಿನ ಫೋನೆಲ್ಲ ಬರುತ್ತಿದ್ದದ್ದು ಅವಳ ನಂಬರಿಗೇ. ಅವನದೊಂದು ಲಾರಿ ಪಕ್ಕದ ಊರಿನ ಗೋದಾಮಿನಲ್ಲಿ ಸರಕು ಇಳಿಸಿ ಖಾಲಿ ನಿಂತಿತ್ತು. ವಾಪಸು ಬರಲು ಲೋಡು ಸಿಗದಿದ್ದರೆ ಡೀಸೆಲ್ ಸುಟ್ಟು ಬರೀ ಗಾಳಿ ಹೊತ್ತು ತರಬೇಕು. ಡ್ರೈವರ್ ಆಗಲೇ ಎರಡು ಸಲ ಕೇಳಿದ್ದ. ಹಮಾಲಿಗಳು ಊಟಕ್ಕೆ ಎದ್ದರೆ ನಾಲ್ಕರವರೆಗೆ ಒಂದು ಮೂಟೆಯನ್ನೂ ಮುಟ್ಟುವವರಲ್ಲ. ಇಂಥ ಹೊತ್ತಿನಲ್ಲಿ ಇವಳಿಗೆ ಯಾರ ಜೊತೆ ಹರಟೆ?

ಅವನು ಕೂತಿದ್ದ ಲಾರಿ ಶೆಡ್ಡಿನಿಂದ ಮನೆಗೆ ಇಪ್ಪತ್ತು ಹೆಜ್ಜೆ. ದಡದಡ ನಡೆದು ಅಡುಗೆಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಮಾತು ಕಿವಿಗೆ ಬಿತ್ತು.

“ಸರಿ ಅಕ್ಕ. ಇವರಿಗೆ ಈಗಲೇ ಎಲ್ಲಾ ಗೊತ್ತಾಗೋದು ಬೇಡ.”

ಹೆಂಡತಿಗೆ ಒಡಹುಟ್ಟಿದ ಅಕ್ಕ ಇರಲಿಲ್ಲ. ಅವಳು ಅಕ್ಕ ಎನ್ನುತ್ತಿದ್ದದ್ದು ಒಬ್ಬಳನ್ನೇ, ವಾರಗಿತ್ತಿಯನ್ನು. ಅಂದರೆ ದೊಡ್ಡ ಸಾಹುಕಾರನ ಹೆಂಡತಿಯನ್ನು. ಆ ಮನೆಯೊಂದಿಗೆ ಮಾತು ಬಿಟ್ಟು ಐದು ವರ್ಷವಾಗಿತ್ತು.

ಅಣ್ಣ ದೊಡ್ಡ ಸಾಹುಕಾರ, ತಮ್ಮ ಚಿಕ್ಕ ಸಾಹುಕಾರ; ಡ್ರೈವರುಗಳು ಇಟ್ಟ ಹೆಸರು. ಒಂದು ಕಾಲಕ್ಕೆ ಇಬ್ಬರೂ ಸೇರಿ ನಾಲ್ಕು ಲಾರಿ ಓಡಿಸುತ್ತಿದ್ದರು. ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂಬಲ್ಲಿ ಶುರುವಾದ ಜಗಳ, ಪೇಂಟರ್ ಬಣ್ಣ ಕಲಸಿಕೊಂಡು ಕಾಯುತ್ತಿದ್ದಂತೆಯೇ ಪಾಲಿನವರೆಗೆ ಹೋಯಿತು. ತಲಾ ಎರಡು ಲಾರಿ ಬಂತು. ಅಣ್ಣ ನಾಳೆ ಕೋರ್ಟು ಕಚೇರಿ ಎಂದು ತನ್ನ ಪಾಲಿಗೂ ಕೈ ಹಾಕಿಯಾನೆಂದು ತಮ್ಮ ಎರಡನ್ನೂ ಹೆಂಡತಿಯ ಹೆಸರಿಗೆ ಬರೆಸಿಬಿಟ್ಟ. ಅದೇ ವಾರ ಅಣ್ಣನೂ ಅದೇ ಕೆಲಸ ಮಾಡಿದನಂತೆ. ಎಷ್ಟಾದರೂ ಒಂದೇ ರಕ್ತ.

“ಯಾರದು ಫೋನು?”

“ಲೋಡು ಸಿಕ್ಕಿದೆ,” ಅಂದಳು ಹೆಂಡತಿ. “ಗೋದಾಮಿನ ಹಿಂದಿನ ಗೇಟಿಗೆ ಗಾಡಿ ಹಚ್ಚೋಕೆ ಹೇಳಿ. ಬಣ್ಣದ ಡಬ್ಬ, ಒಂಬತ್ತು ಟನ್ನು.”

“ಕೇಳಿದ್ದಕ್ಕೆ ಉತ್ತರ ಹೇಳು.”

“ಅಕ್ಕಂದು. ಇಷ್ಟು ವರ್ಷ ನಿಮ್ಮ ಗಾಡಿಗೆ ವಾಪಸು ಲೋಡು ಎಲ್ಲಿಂದ ಬರ್ತಿತ್ತು ಅಂದ್ಕೊಂಡ್ರಿ? ಅವರಿಗೆ ಗಾಡಿ ಸಾಲದಿದ್ದಾಗ ನಮಗೆ ಕೊಡ್ತಾರೆ. ನಮಗೆ ಸಾಲದಿದ್ದಾಗ ಅವರಿಗೆ.”

ಚಿಕ್ಕ ಸಾಹುಕಾರನ ಮುಖ ಸಪ್ಪಗಾಯಿತು. ತನ್ನ ಹೆಸರು ಕೇಳಿಯೇ ಲೋಡು ಹುಡುಕಿಕೊಂಡು ಬರುತ್ತದೆ ಎಂದು ಅವನು ನಂಬಿದ್ದ. ನಂಬಿದ್ದಷ್ಟೇ ಅಲ್ಲ, ಲಾರಿ ತೂಗುವ ವೇಬ್ರಿಡ್ಜಿನ ಹತ್ತಿರ ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಹೇಳಿದ್ದ.

“ಇನ್ನೊಂದು ವಿಷಯ. ಟೈಲ್ಸ್ ಕಾರ್ಖಾನೆಯವರು ಮೂರು ವರ್ಷಕ್ಕೆ ಕರಾರು ಕೊಡ್ತಿದ್ದಾರೆ. ಹೋಗೋಕೂ ಲೋಡು, ಬರೋಕೂ ಲೋಡು. ಆದ್ರೆ ನಾಲ್ಕು ಗಾಡಿ ಇದ್ದೋರಿಗೇ. ಎರಡು ಮನೆ ಸೇರಿದ್ರೆ ನಾಲ್ಕಾಗುತ್ತೆ. ಶುಕ್ರವಾರ ಹನ್ನೊಂದಕ್ಕೆ ಮ್ಯಾನೇಜರ್ ಆಫೀಸಿಗೆ ಹೋಗಿ. ನಿಮ್ಮ ಸಹಿ ಬೇಕು. ಭಾವನವರದ್ದೂ ಬೇಕು.”

“ಆ ಮನುಷ್ಯನ ಜೊತೆ ನಾನು ಪಾಲುದಾರ ಆಗಬೇಕಾ?”

“ನೀವು ಸಹಿ ಒಂದು ಹಾಕಿ ಸಾಕು. ಮಿಕ್ಕಿದ್ದು ನಾವು ನೋಡ್ಕೋತೀವಿ.”

ಮೂರು ದಿನ ಅವನಿಗೆ ಊಟ ರುಚಿಸಲಿಲ್ಲ. ಬರುತ್ತಿದ್ದ ಬಾಡಿಗೆ ಡೀಸೆಲ್ಲಿಗೇ ಸರಿಹೋಗುತ್ತಿತ್ತು; ಕರಾರು ಕೈತಪ್ಪಿದರೆ ವರ್ಷದೊಳಗೆ ಒಂದು ಲಾರಿ ಮಾರಬೇಕು, ಉಳಿದ ಒಂದಕ್ಕೆ ತಾನೇ ಡ್ರೈವರ್ ಆಗಬೇಕು. ಒಪ್ಪಿದರೆ ಅಣ್ಣನ ಮುಂದೆ ತಲೆ ತಗ್ಗಿಸಬೇಕು. ಕೊನೆಗೆ ಒಂದು ಉಪಾಯ ಹೊಳೆಯಿತು: ಸಹಿ ಹಾಕುವುದು, ಆದರೆ ತನ್ನ ಹೆಸರು ಮೊದಲಿರಬೇಕು. ಶುಕ್ರವಾರ ಇಸ್ತ್ರಿ ಶರ್ಟು ಹಾಕಿಕೊಂಡ. ಹೆಂಡತಿ ತಿಂಡಿ ಮುಚ್ಚಿಟ್ಟು ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದಳು. ಗಂಡಸರ ವ್ಯವಹಾರದಲ್ಲಿ ಅಡ್ಡ ಬರಬಾರದೆಂಬ ಬುದ್ಧಿಯಾದರೂ ಇದೆಯಲ್ಲ ಎಂದುಕೊಂಡ.

ಆಫೀಸಿನಲ್ಲಿ ಅಣ್ಣ ಆಗಲೇ ಕೂತಿದ್ದ, ಅವನದೂ ಇಸ್ತ್ರಿ ಶರ್ಟೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಮ್ಮ ಒಂದು ಕುರ್ಚಿ ಬಿಟ್ಟು ಕೂತ. ಮ್ಯಾನೇಜರ್ “ಒಂದ್ ನಿಮಿಷ, ಫೈಲ್ ತರ್ತೀನಿ” ಎಂದು ಹೊರಗೆ ಹೋದ.

“ನಿನ್ನ ಹಸಿರು ಗಾಡಿ ಹಿಂದಿನ ಟೈರು ಸವೆದಿದೆ,” ಕಿಟಕಿ ನೋಡುತ್ತ ಅಣ್ಣ ಹೇಳಿದ.

“ಯಾವಾಗ ನೋಡಿದೆ?”

“ದಿನಾ ನೋಡ್ತೀನಿ.”

ತಮ್ಮ ಎದ್ದು ಅಣ್ಣನ ಪಕ್ಕದ ಕುರ್ಚಿಗೆ ಬಂದ. ಬಂದವನೇ ವ್ಯವಹಾರಕ್ಕೆ ಇಳಿದ. “ಕರಾರಿನಲ್ಲಿ ನನ್ನ ಹೆಸರು ಮೊದಲಿರಬೇಕು.”

“ಅದು ಹೇಗೆ? ದೊಡ್ಡವನು ನಾನು.”

“ಅವತ್ತೂ ಇದೇ ಮಾತು ಅಂದೆ!”

“ಅವತ್ತೂ ನಾನೇ ದೊಡ್ಡವನಾಗಿದ್ದೆ!”

ಗುಮಾಸ್ತ ಇಣುಕಿ ನೋಡಿದ. ಅಣ್ಣ ಕುರ್ಚಿ ತಳ್ಳಿ ಎದ್ದು ಬಾಗಿಲಿಗೆ ನಡೆದ. ಅವನ ಹಿಂದೆಯೇ ಕರಾರು ಹೋಗುತ್ತಿತ್ತು, ಲಾರಿ ಹೋಗುತ್ತಿತ್ತು. ಆದರೆ ತಮ್ಮನಿಗೆ ಕಂಡದ್ದು ಅಣ್ಣನ ಬಗ್ಗಿದ ಬೆನ್ನು ಮಾತ್ರ.

“ಅಣ್ಣ, ನಿಂದೇ ಮೊದಲಿರಲಿ. ಬಾ.”

ಅಣ್ಣ ತಿರುಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. “ಬಿಡೋ. ನಿಂದೇ ಇರಲಿ.”

“ಇಲ್ಲ, ನಿಂದು.”

“ಹೇಳಿದ್ದು ಕೇಳೋ, ನಿಂದು!”

ಐದು ವರ್ಷದ ಹಿಂದಿನ ಜಗಳವೇ ತಿರುಗಾಮುರುಗಾ ಆಗಿ ಜೋರಾಗುವ ಹೊತ್ತಿಗೆ ಮ್ಯಾನೇಜರ್ ಫೈಲಿನೊಂದಿಗೆ ಒಳಬಂದ. ಇಬ್ಬರ ಕಣ್ಣೂ ಒದ್ದೆಯಾಗಿದ್ದನ್ನು ಕಂಡು ಪಾಪ ಗಾಬರಿಯಾದ.

“ಯಾರು ಮೊದಲು ಹಾಕಿದ್ರೂ ನಡೆಯುತ್ತೆ ಸಾರ್,” ಎಂದು ಪೆನ್ನು ಮುಂದಿಟ್ಟ. “ಗಾಡಿ ಓನರುಗಳಿಬ್ಬರೂ ಬೆಳಿಗ್ಗೇನೇ ಬಂದು ಪಾಲುದಾರರ ಜಾಗದಲ್ಲಿ ಸಹಿ ಹಾಕಿ ಹೋದ್ರಲ್ಲ. ನಿಮ್ಮಿಬ್ಬರದು ಕೆಳಗಡೆ, ಸಾಕ್ಷಿಗಳು ಅಂತ ಇರೋ ಕಡೆ.”