ನಡುಪೆಟ್ಟಿಗೆಯ ರಿಪೇರಿ

ಗಜೇಂದ್ರಗಡದಲ್ಲಿ ಒಂದೇ ಮನೆಯವರು ಯಾರೂ ಯಾರೊಂದಿಗೂ ನೇರ ಮಾತಾಡುವುದಿಲ್ಲ; ಎಲ್ಲ ಮಾತೂ, ಒಂದು ಕೋಣೆಯ ಮಾತನ್ನು ಇನ್ನೊಂದಕ್ಕೆ ಮುಟ್ಟಿಸುವ ಗೋಡೆಯ ನಡುಪೆಟ್ಟಿಗೆಯನ್ನು ಹಾದೇ ಹೋಗಬೇಕು. ಒಂಬತ್ತು ವರ್ಷದಿಂದ ನೀಲಗಂಗಾ ಅಡುಗೆಮನೆಯಿಂದ "ಸಾರು ಹೆಂಗೈತ್ರಿ ಅತ್ತಿ?" ಎಂದು ಕೇಳುತ್ತಿದ್ದಳು. ಪಡಸಾಲೆಯ ಅತ್ತೆಯಿಂದ "ಬಾಳ ಚಲೋ ಆಗೇತವ್ವಾ" ಎಂದು ಉತ್ತರ ಬರುತ್ತಿತ್ತು. ಇಂಥ ಅತ್ತೆ ಹತ್ತೂರಲ್ಲಿಲ್ಲವೆಂದು ಅವಳು ಬೀಗುತ್ತಿದ್ದಳು.

ಇವತ್ತು ದುರಸ್ತಿಯ ಮೌಲಾಲಿ ಪೆಟ್ಟಿಗೆ ಬಿಚ್ಚಿದ. "ಅಕ್ಕಾರ, ಇದಕ್ಕ ಮೈಗಳ್ಳತನದ ರೋಗ. ಎರಡೂ ಕಡಿಯಿಂದ ಮೊದಲನೇ ದಿನ ಬಂದ ಉತ್ತರಾನ ಕೂಡಿಟ್ಟು, ದಿನಾ ಅದನ್ನ ಕೊಡಾಕ್ಹತ್ತೇತಿ," ಎಂದು ಹೇಳಿ ಸರಿಮಾಡಿದ.

ನೀಲಗಂಗಾ ಎದೆ ಗಟ್ಟಿಮಾಡಿಕೊಂಡು ಸಾರಿನ ಸುದ್ದಿ ಕೇಳಿದಳು.

"ಒಂಬತ್ತು ವರ್ಷದಿಂದ ಉಪ್ಪು ಹಾಕು ಅಂತೀನಿ. 'ಆತ್ರಿ ಅತ್ತಿ' ಅಂತಿ, ಹಾಕೂದಿಲ್ಲ. ಎಂಥಾ ಹಟಮಾರಿ ಇದ್ದಿ ನೀ," ಎಂದಿತು ಪೆಟ್ಟಿಗೆ.

ಮೌಲಾಲಿ ಚೀಲ ಎತ್ತಿಕೊಂಡು, "ನಿಮ್ಮ ಯಜಮಾನ್ರ ಖೋಲಿ ಪೆಟಗಿಗೂ ಇದ ರೋಗ ಐತ್ರಿ," ಎಂದ.

ನೀಲಗಂಗಾ ಬಾಗಿಲಿಗೆ ಅಡ್ಡ ನಿಂತಳು. "ಅದಕ್ಕ ಕೈ ಹಚ್ಚಬ್ಯಾಡ್ರಿ ಯಣ್ಣಾ. ಅವರು ಇವತ್ತ ಮುಂಜಾನಿನೂ ನನಗ ಚೆಲುವಿ ಅಂದಾರ."