ಮೂವತ್ತೆರಡು ಹಲ್ಲಿನ ಮನೆತನ

ಮೂರನೆಯ ಬಾಯಲ್ಲೂ ಒಂದು ಹುಳುಕು ಹಲ್ಲಿಲ್ಲ!

ಡಾಕ್ಟರ್ ಹೊಳೆವ್ವ ಪುಟ್ಟ ಕನ್ನಡಿಯನ್ನು ಗಿರಮಲ್ಲಪ್ಪನ ದವಡೆಯ ಮೂಲೆಮೂಲೆಗೂ ತಿರುಗಿಸಿ ನೋಡಿದಳು. ಸೋಮವಾರ ಬಂದಿದ್ದ ಹಾಲಸಿದ್ದಪ್ಪ ಮುತ್ಯಾನ ಬಾಯಿ ಹೀಗೆಯೇ ಇತ್ತು. ಮಂಗಳವಾರ ಬಂದ ಅವನ ಹೆಂಡತಿ ಲಗಮವ್ವನದೂ ಅಷ್ಟೇ. ಇಂದು ಅವರ ಮಗ. ಮೂವರೂ ಮುಧೋಳದವರು, ಹಲ್ಲು ನೋವೆಂದೇ ಬಂದವರು. ಮೂವರ ಬಾಯಲ್ಲೂ ಕಬ್ಬು ಸಿಗಿಯುವಂಥ ಹಲ್ಲು!

"ಯಾವ ಹಲ್ಲು ನೋಯ್ತದರೀ?"

"ಎಲ್ಲಾ ನೋಡ್ರಿ, ಒಂದೂ ಬಿಡಬ್ಯಾಡ್ರಿ. ನಮ್ಮ ಮನಿತನದಾಗ ಮುಚ್ಚಿಡೂದು ಏನೂ ಇಲ್ಲ," ಎಂದ ಗಿರಮಲ್ಲಪ್ಪ. ಕುರ್ಚಿಯಿಂದ ಇಳಿದು ಹೊಸ ರುಮಾಲು ಸುತ್ತಿಕೊಳ್ಳುತ್ತ, ಮನೆಯಲ್ಲಿ ನಳ ಬಂದಿದೆ, ಹಿರಿಯ ಸೊಸೆ ಶಾಲೆಯಲ್ಲಿ ಟೀಚರು ಎಂದು ಕೇಳದಿದ್ದರೂ ಹೇಳಿದ. ಹಲ್ಲಿನ ಡಾಕ್ಟರಿಗೆ ನಳ ಕಟ್ಟಿಕೊಂಡು ಏನಾಗಬೇಕು?

ಹೊಳೆವ್ವನಿಗೆ ಗುಮಾನಿ ಹತ್ತಿತು. ಬನಹಟ್ಟಿ ಬಸ್ ಸ್ಟ್ಯಾಂಡಿನ ಬೇವಿನ ಮರದಡಿ ಇಕ್ಕಳ ಹಿಡಿದು ಕೂಡುವ ಪರಸಪ್ಪ, "ಹೆಣ್ಣಮಗಳ ಕೈಲೆ ದವಡಿ ಹಲ್ಲು ಬರತಾವೇನ್ರಿ?" ಎಂದು ವರ್ಷದಿಂದ ನಗಾಡುತ್ತಿದ್ದ. ಇವರು ಅವನ ಕಡೆಯವರೇ ಇರಬೇಕು. ಒಳ್ಳೆಯ ಹಲ್ಲು ಕೀಳಿಸಿಕೊಂಡು ಆಮೇಲೆ ಬೀದಿರಂಪ ಮಾಡುವ ಹುನ್ನಾರ! ಇರಲಿ, ನಾನೂ ಏನು ಕಮ್ಮಿ ಇಲ್ಲ ಎಂದುಕೊಂಡು ಇಕ್ಕಳವನ್ನು ಕಪಾಟಿಗೆ ಸೇರಿಸಿ ಕೀಲಿ ಹಾಕಿದಳು.

ಆದರೂ ಒಳಗೊಳಗೇ ಕುಣಿಯುವಷ್ಟು ಖುಷಿ. ಪರಊರಿನಿಂದ ಮೂರು ಮಂದಿ! ದವಾಖಾನೆಯ ಆಚೀಚೆ ಮಗ್ಗದ ಸದ್ದು. ರೋಗಿ ಎಷ್ಟು ಚೀರಿದರೂ ಹೊರಗೆ ಕೇಳದೆಂಬ ಅನುಕೂಲವಿತ್ತು, ಚೀರಲು ರೋಗಿಗಳೇ ಇರಲಿಲ್ಲ. ಬಸ್ ಕಂಡಕ್ಟರನಾದ ಅಪ್ಪ ರೇವಪ್ಪ ಕರಾರು ಹಾಕಿದ್ದ. ಯುಗಾದಿಯೊಳಗೆ ಪರಊರಿನವರು ಅವಳನ್ನು ಹುಡುಕಿಕೊಂಡು ಬರಬೇಕು. ಇಲ್ಲವಾದರೆ ದವಾಖಾನೆಗೆ ಕೀಲಿ ಹಾಕಿ ಲೋಕಾಪುರದ ಮನೆಗೆ ಬಂದು, ಗಂಡಿನವರ ಮುಂದೆ ತಲೆ ಬಗ್ಗಿಸಿ ಜಮಖಾನೆಯ ಮೇಲೆ ಕೂಡಬೇಕು. "ಸತ್ತರೂ ಯಾರ ಮುಂದೂ ಕೂಡಂಗಿಲ್ಲ!" ಎಂದು ಹೊಳೆವ್ವ ಬೀರೇಶ್ವರನ ಭಂಡಾರದ ಅರಿಶಿಣ ಮುಟ್ಟಿ ಆಣೆ ಮಾಡಿದ್ದಳು. ಯುಗಾದಿಗೆ ಇನ್ನು ಐದೇ ದಿನ.

ಸಂಜೆ ಅಪ್ಪನ ಬಸ್ಸು ಬನಹಟ್ಟಿಯಲ್ಲಿ ನಿಂತಾಗ ಓಡಿಹೋಗಿ ಹೇಳಿದಳು: "ಅಪ್ಪಾ, ಮುಧೋಳದಿಂದ ಮೂರು ಮಂದಿ! ಹುಡುಕ್ಕೋಂತ ಬಂದಾರ!"

"ಗೊತ್ತೈತಿ ಬಿಡವಾ. ಟಿಕೇಟ ನಾನ ಹರದು ಕೊಟ್ಟೇನಿ," ಎಂದು ರೇವಪ್ಪ ಸೀಟಿ ಊದಿಬಿಟ್ಟ.

ಆ ರಾತ್ರಿ ಅವಳಿಗೆ ಆ ಮುದುಕ ಮುದುಕಿಯದೇ ನೆನಪು. ಹಾಲಸಿದ್ದಪ್ಪ ಕುರಿಗಾರ. ಬಾಯಿ ತೆರೆಯುವ ಮುನ್ನ, "ಟಗರು ಕೊಳ್ಳಾಕ ಹೋದ್ರ ನಾವೂ ಮೊದಲ ಹಲ್ಲ ನೋಡತೇವ್ರಿ. ಕೋಡಿಗೆ ಬಣ್ಣಾ ಬಳೀಬಹುದು, ಹಲ್ಲಿಗೆ ಆಗಂಗಿಲ್ಲ. ನಿದಾನಕ್ಕ ಎಣಸ್ರಿ," ಎಂದು ಎದೆಯುಬ್ಬಿಸಿ ಕೂತಿದ್ದ. ಲಗಮವ್ವನ ಒಸಡು ಮಾತ್ರ ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಿ ತಿಕ್ಕಿ ಕಪ್ಪಾಗಿತ್ತು. ಹೊಳೆವ್ವನಿಗೆ ಸಿಟ್ಟು ನೆತ್ತಿಗೇರಿತ್ತು.

"ಇದನ್ನ ಇವತ್ತ ಬಿಡ್ರಿ! ರಾತ್ರಿ ಉಂಡ ಮ್ಯಾಲೂ ಬ್ರಶ್‌ಲೆ ತಿಕ್ರಿ. ಇಲ್ಲಾಂದ್ರ ಈ ಹಲ್ಲು ಒಣಗಿದ ತೆನ್ಯಾಗಿನ ಜ್ವಾಳದಂಗ ಉದುರತಾವು!"

ಮುದುಕಿ ಸೊಂಟದ ಡಬ್ಬಿ ತೆಗೆದು ಆಗಲೇ ಕಿಟಕಿಯಾಚೆ ಎಸೆದಳು. ಹೊರಗೆ ಚೀಟಿ ಬರೆಯುವ ಯಲ್ಲಕ್ಕನ ಹತ್ತಿರ, "ಭಾಳ ಛಲೋ ಬೈತಾಳ ಬೇ!" ಎಂದು ಹಿಗ್ಗಿದಳಂತೆ. ಬೈಸಿಕೊಂಡು ಹಿಗ್ಗುವವರನ್ನು ಹೊಳೆವ್ವ ಎಲ್ಲೂ ಕಂಡಿರಲಿಲ್ಲ.

ಗುರುವಾರ ಹನ್ನೊಂದರ ಬಸ್ಸಿನಿಂದ ಮೂವರೂ ಒಟ್ಟಿಗೇ ಇಳಿದರು. ಜೊತೆಗೆ ಗಿರಮಲ್ಲಪ್ಪನ ಕಿರಿಯ ಮಗ ಹಣಮಂತ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಇಸ್ತ್ರಿ ಮಾಡಿದ ಅಂಗಿ, ಕೆಂಪಗಾದ ಕಿವಿ. ಹಿರಿಯರು ಬೆಂಚಿನ ಮೇಲೆ ಸಾಲಾಗಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಕೂತರು. ಹಣಮಂತ ಕುರ್ಚಿ ಏರಿದ.

"ಹಲ್ಲು ನೋವೇನ್ರಿ?"

"ಇಲ್ರಿ."

"ಮತ್ಯಾಕ ಬಂದ್ರಿ?"

"ಹಿರ್ಯಾರು ಕೂಡ್ರು ಅಂದ್ರು. ನನಗೂ ಕೂಡಬೇಕನಿಸ್ತು. ಕುಂತೇನಿ."

ಅಬ್ಬಾ! ಈ ಮನೆತನದಲ್ಲಿ ಖರೆ ಮಾತಾಡುವ ಒಬ್ಬನಾದರೂ ಇದ್ದಾನಲ್ಲ! ಹೊಳೆವ್ವನಿಗೆ ನಗು ತಡೆಯಲಾಗಲಿಲ್ಲ. ಅವನೂ ಬಾಯಿ ತೆರೆದುಕೊಂಡೇ ಕಣ್ಣಲ್ಲಿ ನಕ್ಕ. ಕನ್ನಡಿ ಒಳಗೆ ಹೋಯಿತು. ಮೇಲಿನ ಸಾಲು ಚೊಕ್ಕ. ಕೆಳಗಿನ ಸಾಲು... ಎಡಗಡೆಯ ಕೊನೆಯ ದವಡೆ ಹಲ್ಲಿನಲ್ಲಿ ಸಾಸಿವೆಯಷ್ಟು ಕಪ್ಪು.

"ಸಿಕ್ತು!" ಎಂದು ಕೂಗಿದಳು. "ಹುಳುಕೈತಿ!"

ಬೆಂಚಿನ ಮೇಲೆ ಮೂರು ಮುಖಗಳು ಬಾಡಿದವು. ಹಾಲಸಿದ್ದಪ್ಪ ಎದ್ದೇ ನಿಂತ. "ಅಷ್ಟಕ್ಕ ಬ್ಯಾಡ ಅನಬ್ಯಾಡ್ರಿ, ಡಾಕ್ಟರ್ ಅಕ್ಕಾರ! ಒಂದ ಹುಳುಕರೀ!"

"ಬ್ಯಾಡ ಯಾಕ ಅನ್ನಲಿ, ಮುತ್ಯಾ? ಇಂಥಾದ್ದೊಂದು ಸಿಗಲಿ ಅಂತ ಕಾಯಾಕತ್ತಿದ್ದೆ! ಇದನ್ನ ನಾನು ತುಂಬಿ ಕೊಡತೇನಿ, ಜೀವನಪೂರ್ತಿ ಬಾಳಿಕಿ ಬರ್ತದ!"

ಗಿರಮಲ್ಲಪ್ಪ ತೊಡೆ ತಟ್ಟಿದ. ಹಾಲಸಿದ್ದಪ್ಪ ರುಮಾಲು ತೆಗೆದು ಕಣ್ಣೊರೆಸಿಕೊಂಡ. ಲಗಮವ್ವ ಸೆರಗಿನ ಗಂಟು ಬಿಚ್ಚಿ, ಭಂಡಾರ ತೆಗೆದು ಡಾಕ್ಟರ ಹಣೆಗೇ ಹಚ್ಚಿಬಿಟ್ಟಳು. ಕನ್ನಡಿ ಹಿಡಿದ ಹೊಳೆವ್ವನ ಕೈ ಹಣಮಂತನ ಬಾಯಲ್ಲೇ ಉಳಿಯಿತು.

"ಯಾರ ಮುಂದೂ ಕೂಡಂಗಿಲ್ಲ ಅಂತ ಆಣಿ ಮಾಡೀಯಂತ, ಬಸ್ಸಿನ್ಯಾಗ ನಿಮ್ಮಪ್ಪ ಹೇಳಿದ. ಅದಕ್ಕ ಗಂಡಿನ ಮನಿಯವರು ನಾವ ಒಬ್ಬೊಬ್ಬರಾಗಿ ನಿನ್ನ ಮುಂದ ಕುಂತು ಹಲ್ಲ ತೋರ್ಸೇವಿ," ಎಂದಳು ಲಗಮವ್ವ. "ಇನ್ನ ಹೇಳವಾ, ನಮ್ಮ ಹುಡುಗ ನಿನ್ನ ಮನಸಿಗೆ ಬಂದ್ನೇನು?"