ಸಿಗಡಿ ಹಿಡಿಯಲು ಹೋದ ಭಾನುವಾರ

ಮಳೆಗಾಲ ಹಿಂದೆ ಸರಿದ ಮೇಲಿನ ಮೊದಲ ಭಾನುವಾರ ಗುಲಾಬಿಯ ಮನೆಯವರೆಲ್ಲ ಅಳಿವೆಯ ಹಿನ್ನೀರಿಗೆ ಸಿಗಡಿ ಹಿಡಿಯಲು ಬಂದಿದ್ದರು. ಗಂಡ, ಮಕ್ಕಳು ಬಲೆ ಬೀಸಿ ನಗುತ್ತಿದ್ದರು. ಕೋಳಿ ಕೂಗುವ ಮೊದಲೇ ಎದ್ದು ಎಲ್ಲರಿಗೂ ಬುತ್ತಿ ಕಟ್ಟಿದ್ದ ಗುಲಾಬಿಗೆ ನಿಂತಲ್ಲೇ ಕಣ್ಣು ಎಳೆಯುತ್ತಿತ್ತು.

“ಗುಲಾಬಿ, ಬುಟ್ಟಿ ತಾ!” ಗಂಡ ಕರೆದ.

“ಅಮ್ಮಾ, ನೀರು!” ಮಗಳು ಕೂಗಿದಳು.

“ದೋಣಿಯಲ್ ಕೂಕಂಡ್ ಸಿಗಡಿ ಬಿಡ್ಸ್, ಹೋಗ್,” ಎಂದು ಅತ್ತೆ ಗದರಿದಳು.

ಇದೊಂದು ಬಾಕಿಯಿತ್ತು ಎಂದುಕೊಳ್ಳುತ್ತ ಗುಲಾಬಿ ದಡದಲ್ಲಿ ಕಟ್ಟಿದ್ದ ದೋಣಿ ಹತ್ತಿದಳು. ನಾಲ್ಕು ಸಿಗಡಿ ಬಿಡಿಸುವಷ್ಟರಲ್ಲಿ ನಿದ್ದೆ ಹತ್ತಿತು.

ಗಂಡನ ಬೊಬ್ಬೆಗೆ ಎಚ್ಚರವಾದಾಗ ದೋಣಿ ಉಬ್ಬರದ ನೀರಿನೊಡನೆ ತೇಲುತ್ತ ದಡದಿಂದ ಬಹಳ ದೂರ, ಆಚೆ ನೀರಿನಲ್ಲೇ ಬೆಳೆದಿದ್ದ ಕಾಂಡ್ಲ ಗಿಡಗಳತ್ತ ಬಂದಿತ್ತು. ಹುಟ್ಟು ದಡದಲ್ಲೇ ಉಳಿದಿತ್ತು. ಅವಳು ದೋಣಿಯ ಅಂಚು ಹಿಡಿದು ಎದ್ದು ಕುಳಿತಳು.

“ಹೆದರ್ಬೇಡ, ಈಜ್ಕಂಡ್ ಬತ್ತೆ!” ಎಂದು ಗಂಡ ಅಂಗಿ ಬಿಚ್ಚತೊಡಗಿದ.

ಅತ್ತೆ ಅವನ ರಟ್ಟೆ ಹಿಡಿದೆಳೆದು ಗದರುವುದು ನೀರಿನ ಮೇಲೆ ಸ್ಪಷ್ಟವಾಗಿ ಕೇಳಿಸಿತು.

“ಸುಮ್ನಿರ್ ಮಾರಾಯಾ, ಹಗ್ಗ ಬಿಚ್ಚಿದ್ದ್ ನಾನೇ. ಆಚೆ ಕಾಂಡ್ಲ ಗಿಡದ ಬುಡಕ್ಕೆ ಹೋಯ್ ದೋಣಿ ತಾನಾಗೇ ನಿಲ್ತ್. ಅಲ್ಲಿವರೆಗಾದ್ರೂ ಆ ಹೆಣ್ಣ್ ನಿದ್ರೆ ಮಾಡ್ಲಿ.”